ಹಳೆಯ ಡೆಸ್ಕ್‌ಟಾಪ್‌ಗೆ ವೈಫೈ ಸಿಗುತ್ತಿಲ್ಲವೇ? ಫಾರ್ಮ್ಯಾಟ್ ಮಾಡಿಸುವ ಮುನ್ನ ಇಷ್ಟನ್ನು ನೋಡಿ

ಮನೆಗೆ ಹೊಸ ಫೈಬರ್ ಸಂಪರ್ಕ ಬರುತ್ತದೆ. ಮೊಬೈಲ್‌ಗಳು, ಟಿವಿ, ಮಕ್ಕಳ ಲ್ಯಾಪ್‌ಟಾಪ್ ಎಲ್ಲವೂ ಸಲೀಸಾಗಿ ವೈಫೈಗೆ ಸೇರಿಕೊಳ್ಳುತ್ತವೆ. ಮೂಲೆಯ ಮೇಜಿನ ಹಳೆಯ ಡೆಸ್ಕ್‌ಟಾಪ್ ಮಾತ್ರ ಹಟ ಹಿಡಿಯುತ್ತದೆ. ಒಂದೋ ವೈಫೈ ಹೆಸರೇ ಕಾಣುವುದಿಲ್ಲ, ಇಲ್ಲವೇ ಹೆಸರು ಕಂಡರೂ ಪಾಸ್‌ವರ್ಡ್ ಒಪ್ಪುವುದಿಲ್ಲ, ಅದೂ ಆದರೆ ಒಂದು ಪುಟವೂ ತೆರೆಯುವುದಿಲ್ಲ. ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡು: ಫಾರ್ಮ್ಯಾಟ್ ಮಾಡಿಸಿ, ಇಲ್ಲವೇ ಹೊಸದು ತೆಗೆದುಕೊಳ್ಳಿ.

ಮೊದಲನೆಯ ಸಲಹೆಗೆ ನನ್ನ ಸ್ಪಷ್ಟ ವಿರೋಧವಿದೆ. ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಜೊತೆಗೆ ವೈಫೈ ಹಿಡಿಯುವ ಸಾಧನವಾದ ಅಡಾಪ್ಟರ್‌ನ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಕೂಡ ಅಳಿಸಿಹೋಗುತ್ತದೆ. ಅದನ್ನು ಮತ್ತೆ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ಆ ಡ್ರೈವರ್ ಬೇಕು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಮ್ಮಲ್ಲಿ ಹಳೆಯ ಡೆಸ್ಕ್‌ಟಾಪನ್ನು ಜನ ಸುಮ್ಮನೆ ಇಟ್ಟುಕೊಂಡಿರುವುದಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪ್ ಮಾಡಿದ ಕಡತಗಳು, ಪೇಜ್‌ಮೇಕರ್‌ನಲ್ಲಿ ವಿನ್ಯಾಸ ಮಾಡಿದ ಪುಟಗಳು, ಅಂಗಡಿಯ ಟ್ಯಾಲಿ ಲೆಕ್ಕ ಎಲ್ಲ ಅದರಲ್ಲೇ ಇರುತ್ತವೆ. ಫಾಂಟ್ ಅಳಿಸಿಹೋದರೆ ಕಡತ ಉಳಿದರೂ ಓದಲು ಬರುವುದಿಲ್ಲ. ಮೂಲ ಸಿಡಿಯೋ ಲೈಸೆನ್ಸ್ ಡಾಂಗಲ್ಲೋ ಈಗ ಎಲ್ಲಿದೆ ಎಂದು ಯಾರಿಗೂ ನೆನಪಿರುವುದಿಲ್ಲ.

ವೈಫೈ ತೊಂದರೆಗೆ ಕಾರಣ ಬಹುತೇಕ ಸಲ ಇವುಗಳಲ್ಲಿ ಒಂದು: ಡ್ರೈವರ್, ರೂಟರ್‌ನ ಹೊಸ ಸೆಟ್ಟಿಂಗ್, ಅಡಾಪ್ಟರ್ ಕುಳಿತ ಜಾಗ, ಕಂಪ್ಯೂಟರಿನ ತಪ್ಪು ದಿನಾಂಕ. ಇವುಗಳಲ್ಲಿ ಒಂದಕ್ಕೂ ಫಾರ್ಮ್ಯಾಟ್ ಬೇಕಿಲ್ಲ. ಯಾವುದು ಎಂದು ಕಂಡುಹಿಡಿಯುವ ಕ್ರಮ ಮಾತ್ರ ಬೇಕು. 2008ರಿಂದ 2015ರ ನಡುವೆ ಕೊಂಡ, ವಿಂಡೋಸ್ 7 ಅಥವಾ 10 ಇರುವ ಡೆಸ್ಕ್‌ಟಾಪನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಲಿನಕ್ಸ್ ಬಳಸುವವರಿಗೂ ಕೊನೆಯ ಭಾಗದಲ್ಲಿ ಒಂದಿಷ್ಟು ಇದೆ.

ಎಲ್ಲಿ ಕಡಿದಿದೆ ಎಂಬುದು ಮೊದಲು

ಯಾವುದನ್ನೂ ಬದಲಿಸುವ ಮೊದಲು ಎರಡು ಪರೀಕ್ಷೆ ಮಾಡಿ.

ಒಂದನೆಯದು, ಮೊಬೈಲನ್ನು ಡೆಸ್ಕ್‌ಟಾಪ್ ಇರುವ ಜಾಗಕ್ಕೇ ತಂದು, ಮೊಬೈಲ್ ಡೇಟಾ ಆರಿಸಿ, ಬರೀ ವೈಫೈಯಲ್ಲಿ ಒಂದು ಜಾಲತಾಣ ತೆರೆಯಿರಿ. ಡೇಟಾ ಆರಿಸುವುದನ್ನು ಮರೆಯಬೇಡಿ. ವೈಫೈ ಕೈಕೊಟ್ಟಾಗ ಫೋನ್ ಸದ್ದಿಲ್ಲದೆ ಡೇಟಾಗೆ ಜಾರಿಕೊಂಡು ಎಲ್ಲ ಸರಿಯಿದೆ ಎಂದು ನಂಬಿಸುತ್ತದೆ. ಫೋನಿನಲ್ಲೂ ಪುಟ ತೆರೆಯದಿದ್ದರೆ ಕಂಪ್ಯೂಟರನ್ನು ಮುಟ್ಟುವ ಅಗತ್ಯವೇ ಇಲ್ಲ. ರೂಟರನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ. ಆಗಲೂ ಬರದಿದ್ದರೆ ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಿ.

ಎರಡನೆಯ ಪರೀಕ್ಷೆ ನನಗೆ ಬಹಳ ಇಷ್ಟವಾದದ್ದು. ಅದು ಪರೀಕ್ಷೆಯೂ ಹೌದು, ತಾತ್ಕಾಲಿಕ ಪರಿಹಾರವೂ ಹೌದು. ಆಂಡ್ರಾಯ್ಡ್ ಫೋನನ್ನು ವೈಫೈಗೆ ಜೋಡಿಸಿ, ಯುಎಸ್‌ಬಿ ಕೇಬಲ್ ಮೂಲಕ ಡೆಸ್ಕ್‌ಟಾಪ್‌ಗೆ ಸಿಕ್ಕಿಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಕಡೆಯೇ ‘ಯುಎಸ್‌ಬಿ ಟೆದರಿಂಗ್’ ಎಂಬುದಿದೆ, ಅದನ್ನು ಚಾಲೂ ಮಾಡಿ. ಕೇಬಲ್ ಚಾರ್ಜಿಂಗ್‌ಗೆ ಮಾತ್ರ ಇರುವ ಅಗ್ಗದ ಕೇಬಲ್ ಆಗಿರಬಾರದು, ಡೇಟಾ ಹಾಯುವಂಥದ್ದಾಗಿರಬೇಕು. ಈಗ ಫೋನೇ ಕಂಪ್ಯೂಟರಿನ ವೈಫೈ ಅಡಾಪ್ಟರಿನಂತೆ ಕೆಲಸ ಮಾಡುತ್ತದೆ. ಮನೆಯ ವೈಫೈ ಫೋನಿಗೆ ಬಂದು, ಅಲ್ಲಿಂದ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಇಳಿಯುತ್ತದೆ. ಹೀಗೆ ಇಂಟರ್‌ನೆಟ್ ಬಂದರೆ ವಿಂಡೋಸ್ ಆರೋಗ್ಯವಾಗಿದೆ, ತೊಂದರೆ ಇರುವುದು ಅಡಾಪ್ಟರ್, ಅದರ ಡ್ರೈವರ್ ಅಥವಾ ಅದಕ್ಕೂ ರೂಟರ್‌ಗೂ ನಡುವಿನ ಹೊಂದಾಣಿಕೆಯಲ್ಲಿ ಎಂದು ಖಚಿತವಾಯಿತು. ಬೇಕಾದ ಡ್ರೈವರ್ ಇಳಿಸಿಕೊಳ್ಳಲು ದಾರಿಯೂ ಆಯಿತು.

ಹಾಗೆಯೇ ಒಂದು ಶಿಸ್ತು ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಚೀಟಿಯಲ್ಲಿ ಬರೆದಿಡಿ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಅಡಾಪ್ಟರ್ ಇದೆಯೇ, ಇದ್ದರೆ ಯಾವುದು?

ಆ ಕಾಲದ ಬಹುಪಾಲು ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡ್‌ನಲ್ಲಿ ವೈಫೈ ಇರುತ್ತಿರಲಿಲ್ಲ. ಹಾಗಾಗಿ ನಿಮ್ಮಲ್ಲಿರುವುದು ಉಗುರಿನಷ್ಟು ಪುಟ್ಟ ಯುಎಸ್‌ಬಿ ಡಾಂಗಲ್ ಆಗಿರಬಹುದು, ಅಥವಾ ಸಿಪಿಯು ಪೆಟ್ಟಿಗೆಯ ಹಿಂದೆ ಆಂಟೆನಾ ಚಾಚಿಕೊಂಡಿರುವ ಒಳಗಿನ ಕಾರ್ಡ್ ಆಗಿರಬಹುದು. ಎರಡೂ ಕಾಣದಿದ್ದರೆ ನಿಮ್ಮ ಕಂಪ್ಯೂಟರಿಗೆ ವೈಫೈ ಇಲ್ಲವೆಂದೇ ಅರ್ಥ, ನೇರವಾಗಿ ಕೊನೆಯ ಭಾಗಕ್ಕೆ ಹೋಗಿ.

‘ಕಂಪ್ಯೂಟರ್’ (ವಿಂಡೋಸ್ 10ರಲ್ಲಿ ‘ದಿಸ್ ಪಿಸಿ’) ಚಿತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಮ್ಯಾನೇಜ್’ ಆರಿಸಿದರೆ ಡಿವೈಸ್ ಮ್ಯಾನೇಜರ್ ಸಿಗುತ್ತದೆ. ಅದರಲ್ಲಿ ‘ನೆಟ್‌ವರ್ಕ್ ಅಡಾಪ್ಟರ್ಸ್’ ಸಾಲನ್ನು ಬಿಡಿಸಿ ನೋಡಿ. ವೈರ್‌ಲೆಸ್, ಡಬ್ಲ್ಯುಲ್ಯಾನ್ ಅಥವಾ 802.11 ಎಂದಿರುವ ಹೆಸರು ಅಲ್ಲಿರಬೇಕು. ಹಳದಿ ತ್ರಿಕೋನವೋ ಕೆಳಮುಖದ ಬಾಣವೋ ಇದ್ದರೆ ಅದರ ಮೇಲೆ ಎರಡು ಸಲ ಒತ್ತಿ, ಅಲ್ಲಿ ಬರೆದಿರುವ ಕೋಡ್ ಸಂಖ್ಯೆ ಓದಿ. ಈ ಸಂಖ್ಯೆಯನ್ನು ಯಾರೂ ನೋಡುವುದಿಲ್ಲ, ಆದರೆ ಅರ್ಧ ಉತ್ತರ ಅದರಲ್ಲೇ ಇರುತ್ತದೆ. 22 ಎಂದರೆ ಯಾರೋ ಅಡಾಪ್ಟರನ್ನು ಡಿಸೇಬಲ್ ಮಾಡಿದ್ದಾರೆ, ಬಲಗುಂಡಿ ಒತ್ತಿ ಎನೇಬಲ್ ಮಾಡಿದರೆ ಮುಗಿಯಿತು. 28 ಎಂದರೆ ಡ್ರೈವರ್ ಇಲ್ಲ. 10 ಎಂದರೆ ಡ್ರೈವರ್ ಇದ್ದರೂ ಸಾಧನ ಶುರುವಾಗುತ್ತಿಲ್ಲ, ಹೆಚ್ಚಾಗಿ ತಪ್ಪು ಡ್ರೈವರ್. 52 ಎಂದರೆ ಡ್ರೈವರ್‌ನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ. ಅಪ್‌ಡೇಟ್ ಆಗದ ವಿಂಡೋಸ್ 7ಕ್ಕೆ ಈಚಿನ ಡ್ರೈವರ್ ಹಾಕಿದಾಗ ಇದು ಬರುತ್ತದೆ. ಆ ಸಹಿಗೆ ಬಳಸುವ ಎಸ್‌ಎಚ್‌ಎ-2 ವಿಧಾನ ಹಳೆಯ ವಿಂಡೋಸ್ 7ಕ್ಕೆ ಗೊತ್ತಿಲ್ಲ, ಅದಕ್ಕೆ ಮೈಕ್ರೋಸಾಫ್ಟ್‌ನ ಪ್ರತ್ಯೇಕ ಅಪ್‌ಡೇಟ್ ಹಾಕಬೇಕು. 43 ಬಂದರೆ ಸಾಧನವೇ ಕೆಟ್ಟಿರುವ ಸಂಭವ ಹೆಚ್ಚು. ಆದರೂ ಬೇರೆ ಯುಎಸ್‌ಬಿ ಕಿಂಡಿಯಲ್ಲಿ ಒಮ್ಮೆ ನೋಡದೆ ತೀರ್ಮಾನಕ್ಕೆ ಬರಬೇಡಿ.

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಮೂರು ಸಂಗತಿ ನೋಡಿ. ಡಾಂಗಲ್ ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿಯಲ್ಲಿದ್ದರೆ ತೆಗೆದು ಕಪ್ಪು ಕಿಂಡಿಗೆ ಹಾಕಿ, ವಿಂಡೋಸ್ 7ರಲ್ಲಿ ಯುಎಸ್‌ಬಿ 3.0ಕ್ಕೆ ಹುಟ್ಟಿನಿಂದ ಬಂದ ಬೆಂಬಲವಿಲ್ಲ. ಮುಂಭಾಗದ ಕಿಂಡಿಯಲ್ಲಿದ್ದರೆ ಹಿಂಭಾಗದ್ದಕ್ಕೆ ಹಾಕಿ. ಮುಂದಿನ ಕಿಂಡಿಗಳು ಒಳಗೆ ಸಪೂರ ತಂತಿಯ ಮೂಲಕ ಮದರ್‌ಬೋರ್ಡಿಗೆ ಸೇರಿರುತ್ತವೆ, ಹಳೆಯದಾದಂತೆ ಸಡಿಲವಾಗುತ್ತವೆ. ಮೂರನೆಯದು ವಿಚಿತ್ರವಾದದ್ದು. ಡಾಂಗಲ್ ಸಿಕ್ಕಿಸಿದಾಗ ವೈಫೈ ಬದಲು ಹೊಸ ಸಿಡಿ ಡ್ರೈವ್ ಒಂದು ಕಾಣಿಸಿಕೊಂಡರೆ ಗಾಬರಿಯಾಗಬೇಡಿ. ಕೆಲವು ಡಾಂಗಲ್‌ಗಳು ತಮ್ಮ ಡ್ರೈವರನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಮೊದಲು ಸಿಡಿಯ ವೇಷದಲ್ಲಿ ಬರುತ್ತವೆ. ಆ ಸಿಡಿ ತೆರೆದು ಡ್ರೈವರ್ ಹಾಕಿ, ನಂತರ ಅದನ್ನು ‘ಇಜೆಕ್ಟ್’ ಮಾಡಿದರೆ ಅಸಲಿ ರೂಪಕ್ಕೆ ಬರುತ್ತವೆ.

ಒಳಗಿನ ಕಾರ್ಡ್ ಆದರೆ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಬರಿದು ಮಾಡಿ ಪೆಟ್ಟಿಗೆ ತೆರೆಯಿರಿ. ಕಾರ್ಡ್ ಬಿಚ್ಚಿ, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಗಟ್ಟಿಯಾಗಿ ಕೂರಿಸಿ. ಕರಾವಳಿಯ ಉಪ್ಪು ಗಾಳಿ, ಮಲೆನಾಡಿನ ಮಳೆಗಾಲದ ತೇವದಲ್ಲಿ ಈ ಅಂಚಿಗೆ ಪದರ ಕಟ್ಟುವುದು ಮಾಮೂಲು.

ಸರಿಯಾದ ಡ್ರೈವರ್ ಹುಡುಕುವುದು ಹೇಗೆ

ಡಾಂಗಲ್ ಮೇಲೆ ಬರೆದಿರುವ ಕಂಪನಿಯ ಹೆಸರಿನಿಂದ ಡ್ರೈವರ್ ಹುಡುಕಿದರೆ ದಾರಿ ತಪ್ಪುವ ಸಾಧ್ಯತೆಯೇ ಹೆಚ್ಚು. ಒಂದೇ ಹೆಸರು, ಒಂದೇ ಮಾಡೆಲ್ ಸಂಖ್ಯೆಯ ಡಾಂಗಲ್ ಒಳಗೆ ಬೇರೆ ಬೇರೆ ವರ್ಷ ಬೇರೆ ಬೇರೆ ಚಿಪ್ ಇರುವುದುಂಟು. ಡ್ರೈವರ್ ಬೇಕಾಗಿರುವುದು ಚಿಪ್‌ಗೆ. ಹಾಗಾಗಿ ಚಿಪ್ ಯಾವುದೆಂದು ಅದರ ಬಾಯಿಂದಲೇ ಕೇಳಬೇಕು.

ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಮೇಲೆ ಎರಡು ಸಲ ಒತ್ತಿ. ಅದು ‘ಅನ್‌ನೋನ್ ಡಿವೈಸ್’ ಎಂದೇ ಇರಲಿ, ಅಡ್ಡಿಯಿಲ್ಲ. ‘ಡೀಟೇಲ್ಸ್’ ವಿಭಾಗಕ್ಕೆ ಹೋಗಿ ಪಟ್ಟಿಯಿಂದ ‘ಹಾರ್ಡ್‌ವೇರ್ ಐಡಿಸ್’ ಆರಿಸಿ. ವಿಐಡಿ ಎಂಬುದರ ಮುಂದೆ ನಾಲ್ಕು ಅಕ್ಷರ, ಪಿಐಡಿ ಎಂಬುದರ ಮುಂದೆ ನಾಲ್ಕು ಅಕ್ಷರ ಇರುತ್ತವೆ. ಮೊದಲನೆಯದು ತಯಾರಕರ ಗುರುತು, ಎರಡನೆಯದು ಆ ಸಾಧನದ್ದು. ನಮ್ಮ ಪೇಟೆಯ ಅಗ್ಗದ ಡಾಂಗಲ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು. ವಿಐಡಿ 0ಬಿಡಿಎ, ಪಿಐಡಿ 8179 ಇದ್ದರೆ ಅದು ರಿಯಲ್‌ಟೆಕ್‌ನ 8188ಇಯುಎಸ್ ಚಿಪ್. ವಿಐಡಿ 148ಎಫ್, ಪಿಐಡಿ 7601 ಇದ್ದರೆ ಮೀಡಿಯಾಟೆಕ್‌ನ ಎಂಟಿ7601ಯು. 148ಎಫ್ ಮೂಲತಃ ರಾಲಿಂಕ್ ಕಂಪನಿಯ ಸಂಖ್ಯೆ. ಆ ಕಂಪನಿಯನ್ನು 2011ರಲ್ಲಿ ಮೀಡಿಯಾಟೆಕ್ ಕೊಂಡುಕೊಂಡಿದ್ದರಿಂದ ಎರಡೂ ಹೆಸರಿನಲ್ಲಿ ಹುಡುಕಬೇಕು.

ಈ ಎರಡು ಗುರುತುಗಳನ್ನು ಹಿಡಿದು ‘ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್’ ತಾಣದಲ್ಲಿ ಹುಡುಕಿ. ಡ್ರೈವರ್ ಇಳಿಸಿಕೊಳ್ಳಲು ನಾನು ನಂಬುವ ಜಾಗ ಅದು. ಉಚಿತ, ಜಾಹೀರಾತಿಲ್ಲ, ವೈರಸ್ ಭಯವಿಲ್ಲ. ಅಲ್ಲಿ ಸಿಗುವುದು ‘ಕ್ಯಾಬ್’ ಎಂಬ ಕಟ್ಟಿದ ಕಡತ. ಅದನ್ನು ಒಂದು ಫೋಲ್ಡರಿನಲ್ಲಿ ಬಿಡಿಸಿಟ್ಟು, ಡಿವೈಸ್ ಮ್ಯಾನೇಜರ್‌ನಲ್ಲಿ ‘ಅಪ್‌ಡೇಟ್ ಡ್ರೈವರ್’ ಒತ್ತಿ, ನನ್ನ ಕಂಪ್ಯೂಟರಿನಲ್ಲೇ ಹುಡುಕು ಎಂಬ ಆಯ್ಕೆ ಕೊಟ್ಟು ಆ ಫೋಲ್ಡರ್ ತೋರಿಸಿ. ನಿಮ್ಮ ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ ಎಂದು ಮೊದಲೇ ನೋಡಿಕೊಳ್ಳಿ, ಒಂದರ ಡ್ರೈವರ್ ಇನ್ನೊಂದಕ್ಕೆ ಹಿಡಿಸುವುದಿಲ್ಲ. ಡ್ರೈವರ್ ಅಪ್‌ಡೇಟರ್, ಡ್ರೈವರ್ ಬೂಸ್ಟರ್ ಎಂಬ ಹೆಸರಿನಲ್ಲಿ ಬರುವ ತಂತ್ರಾಂಶಗಳ ಹತ್ತಿರವೂ ಹೋಗಬೇಡಿ. ಒಂದು ಡ್ರೈವರ್ ಹಾಕಲು ಹೋಗಿ ನಾಲ್ಕು ಬೇಡದ ತಂತ್ರಾಂಶ ತಂದು ಕೂರಿಸುತ್ತವೆ.

ವಿಂಡೋಸ್ 10ರಲ್ಲಿ ನಿನ್ನೆಯವರೆಗೆ ಸರಿಯಿದ್ದು ಇಂದು ಕೆಟ್ಟಿದ್ದರೆ ಡ್ರೈವರ್ ತಾನಾಗಿ ಬದಲಾಗಿರಬಹುದು. ಸಾಧನದ ‘ಡ್ರೈವರ್’ ವಿಭಾಗದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಗುಂಡಿ ಜೀವಂತವಾಗಿದ್ದರೆ ಒತ್ತಿ, ಹಳೆಯದು ಮರಳಿ ಬರುತ್ತದೆ.

ಅಡಾಪ್ಟರ್, ಡ್ರೈವರ್ ಎರಡೂ ಸರಿಯಿದ್ದು ವೈಫೈ ಪಟ್ಟಿ ಮಾತ್ರ ಖಾಲಿಯಾಗಿ ಕಂಡರೆ ‘ಸರ್ವಿಸಸ್’ ತೆರೆದು ‘ಡಬ್ಲ್ಯುಲ್ಯಾನ್ ಆಟೋಕಾನ್ಫಿಗ್’ ನೋಡಿ. ನಿಂತಿದ್ದರೆ ಸ್ಟಾರ್ಟ್ ಮಾಡಿ, ‘ಆಟೋಮ್ಯಾಟಿಕ್’ ಮಾಡಿಡಿ.

ಅಕ್ಕಪಕ್ಕದವರ ವೈಫೈ ಕಾಣುತ್ತದೆ, ನಮ್ಮದೇ ಕಾಣುವುದಿಲ್ಲ

ಇಂಥ ಕಡೆ ಕಂಪ್ಯೂಟರಿನ ತಪ್ಪೇನೂ ಇರುವುದಿಲ್ಲ. ರೂಟರ್ ಆಡುವ ಮಾತು ಹಳೆಯ ಅಡಾಪ್ಟರ್‌ಗೆ ಕೇಳಿಸುತ್ತಿರುವುದಿಲ್ಲ, ಅಷ್ಟೇ.

ಹೊಸ ರೂಟರ್‌ಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಅಲೆಪಟ್ಟಿಗಳಲ್ಲಿ ಪ್ರಸಾರ ಮಾಡುತ್ತವೆ. 150 ಅಥವಾ 300 ಎಂಬಿಪಿಎಸ್ ಎಂದು ಬರೆದಿರುವ ಅಗ್ಗದ ಹಳೆಯ ಡಾಂಗಲ್‌ಗಳಿಗೆ ಸಾಮಾನ್ಯವಾಗಿ 2.4 ಮಾತ್ರ ಗೊತ್ತು. ಸಂಪರ್ಕ ಕೊಡಲು ಬಂದವರು 2.4 ಅನ್ನು ಆರಿಸಿ ಹೋಗಿದ್ದರೆ ಆ ಡಾಂಗಲ್ ಎಷ್ಟು ಹುಡುಕಿದರೂ ಏನೂ ಸಿಗದು. ರೂಟರ್‌ನ ತಳದ ಚೀಟಿಯಲ್ಲಿ ವಿಳಾಸವಿರುತ್ತದೆ, ಹೆಚ್ಚಾಗಿ 192.168.1.1 ಅಥವಾ ಅದರಂಥದ್ದು. ಮೊಬೈಲ್‌ನ ಬ್ರೌಸರಿನಲ್ಲಿ ಅದನ್ನು ತೆರೆದು ಒಳಗೆ ಹೋಗಿ. 2.4 ಚಾಲೂ ಇದೆಯೇ ನೋಡಿ. ಎರಡೂ ಅಲೆಪಟ್ಟಿಗೆ ಒಂದೇ ಹೆಸರಿದ್ದರೆ ಬೇರೆ ಬೇರೆ ಹೆಸರು ಕೊಡಿ, 2.4ರ ಹೆಸರಿನ ಕೊನೆಗೆ ಒಂದು 2 ಸೇರಿಸಿದರೂ ಸಾಕು. ಆಮೇಲೆ ಗೊಂದಲವಿರುವುದಿಲ್ಲ.

ಎರಡನೆಯ ಕಾರಣ ಚಾನೆಲ್. ಇದು ಬಹಳ ಜನರನ್ನು ಸತಾಯಿಸಿದೆ. ಭಾರತದಲ್ಲಿ 2.4 ಗಿಗಾಹರ್ಟ್ಸ್‌ನಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳನ್ನು ಬಳಸಬಹುದು. ಅಮೆರಿಕದಲ್ಲಿ ಸಾಮಾನ್ಯ ಬಳಕೆ 11ರವರೆಗೆ. ಅಮೆರಿಕದ ಮಾರುಕಟ್ಟೆಗೆಂದು ಹೊಂದಿಸಿದ ಡಾಂಗಲ್ ನಿಮ್ಮ ಕೈಗೆ ಬಂದಿದ್ದರೆ 12, 13ನೇ ಚಾನೆಲ್‌ಗಳು ಅದಕ್ಕೆ ಕಾಣುವುದೇ ಇಲ್ಲ. ರೂಟರ್ ‘ಆಟೋ’ದಲ್ಲಿದ್ದು ತಾನಾಗಿ 13ಕ್ಕೆ ಹೋದ ದಿನ ವೈಫೈ ಮಾಯ, 6ಕ್ಕೆ ಮರಳಿದ ದಿನ ಪ್ರತ್ಯಕ್ಷ. ಕೆಲವು ದಿನ ಬರುತ್ತದೆ, ಕೆಲವು ದಿನ ಬರುವುದಿಲ್ಲ ಎಂಬ ದೂರಿನ ಹಿಂದೆ ಇದೇ ಇರಬಹುದು. ಆಟೋ ತೆಗೆದು 1, 6, 11ರಲ್ಲಿ ಒಂದನ್ನು ಖಾಯಂ ಮಾಡಿ. ಈ ಮೂರು ಒಂದರ ಮೇಲೊಂದು ಬೀಳದ ಚಾನೆಲ್‌ಗಳು. ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. ಒತ್ತೊತ್ತಾಗಿ ಮನೆಗಳಿರುವ ಬಡಾವಣೆ, ಅಪಾರ್ಟ್‌ಮೆಂಟ್‌ಗಳಲ್ಲಿ 40ಕ್ಕಿಂತ 20 ಸ್ಥಿರವಾಗಿ ಓಡುತ್ತದೆ.

ಮೂರನೆಯದು ವೈಫೈ 6, ಅಂದರೆ 802.11ಎಎಕ್ಸ್. ಈ ವಿಧಾನದಲ್ಲಿ ರೂಟರ್ ಪ್ರಸಾರ ಮಾಡುವಾಗ ಕೆಲವು ಹಳೆಯ ಅಡಾಪ್ಟರ್‌ಗಳು ಹಳೆಯ ಡ್ರೈವರ್‌ನೊಂದಿಗೆ ಆ ಹೆಸರನ್ನೇ ಕಾಣುವುದಿಲ್ಲ. ಇಂಟೆಲ್ ತನ್ನ ಹಳೆಯ ಅಡಾಪ್ಟರ್‌ಗಳ ವಿಷಯದಲ್ಲಿ ಇದನ್ನು ಒಪ್ಪಿಕೊಂಡು ಡ್ರೈವರ್ ಅಪ್‌ಡೇಟ್ ಮಾಡಿಕೊಳ್ಳಲು ಹೇಳಿದೆ. ಅಪ್‌ಡೇಟ್ ಸಿಗದಿದ್ದರೆ ರೂಟರ್‌ನಲ್ಲಿ 2.4ರ ‘ಮೋಡ್’ ಅನ್ನು ಬಿ/ಜಿ/ಎನ್‌ಗೆ ಇಳಿಸಿ. 5 ಗಿಗಾಹರ್ಟ್ಸ್ ಹಾಗೆಯೇ ಇರಲಿ, ಫೋನ್‌ಗಳ ವೇಗಕ್ಕೆ ಅದು ಸಾಕು.

ಪಾಸ್‌ವರ್ಡ್ ಸರಿಯಿದೆ, ಆದರೂ ಸೇರುವುದಿಲ್ಲ

ಮೊದಲು ‘ಫರ್ಗೆಟ್’ ಒತ್ತಿ ಹಳೆಯ ನೆನಪು ಅಳಿಸಿ, ಪಾಸ್‌ವರ್ಡನ್ನು ಹೊಸದಾಗಿ ಕೊಡಿ. ಹೆಸರು ಅದೇ ಇದ್ದು ರೂಟರ್ ಮಾತ್ರ ಬದಲಾಗಿದ್ದರೆ ವಿಂಡೋಸ್ ಹಳೆಯ ಭದ್ರತಾ ವಿಧಾನವನ್ನೇ ಹಿಡಿದು ಕುಳಿತಿರುತ್ತದೆ.

ಅದರಿಂದ ಆಗದಿದ್ದರೆ ಕಾರಣ ಡಬ್ಲ್ಯುಪಿಎ3 ಆಗಿರಬಹುದು. 2018ರಲ್ಲಿ ಬಂದ ಈ ಭದ್ರತಾ ವಿಧಾನ ವಿಂಡೋಸ್ 7ಕ್ಕೆ ತಿಳಿಯದು. ವಿಂಡೋಸ್ 10ರಲ್ಲಿ 1903ನೇ ಆವೃತ್ತಿಯಿಂದ ಇದೆ, ಆದರೆ ಅಡಾಪ್ಟರ್‌ನ ಡ್ರೈವರ್ ಕೂಡ ಒಪ್ಪಬೇಕು. ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಮಿಶ್ರವಾಗಿ ಇಟ್ಟರೂ ಕೆಲವು ಹಳೆಯ ಡಾಂಗಲ್‌ಗಳು ಎಡವುತ್ತವೆ.

ಸುಲಭದ ಉಪಾಯವೆಂದರೆ ಇಡೀ ಮನೆಯ ವೈಫೈಯನ್ನು ಡಬ್ಲ್ಯುಪಿಎ2-ಎಇಎಸ್‌ಗೆ ಇಳಿಸುವುದು. ಅದಕ್ಕಿಂತ ಒಳ್ಳೆಯದು ಇನ್ನೊಂದಿದೆ. ಬಹುತೇಕ ಹೊಸ ರೂಟರ್‌ಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಇರುತ್ತದೆ. ಅದನ್ನು 2.4 ಗಿಗಾಹರ್ಟ್ಸ್, ಡಬ್ಲ್ಯುಪಿಎ2-ಎಇಎಸ್ ಮಾಡಿ ಹಳೆಯ ಡೆಸ್ಕ್‌ಟಾಪ್‌ಗೆಂದೇ ಮೀಸಲಿಡಿ. ಮುಖ್ಯ ವೈಫೈ ಹೆಚ್ಚಿನ ಭದ್ರತೆಯಲ್ಲೇ ಉಳಿಯುತ್ತದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರವನ್ನು ಮನೆಯ ಉಳಿದ ಸಾಧನಗಳಿಂದ ಬೇರೆಯಾಗಿಡುವುದು ಹೇಗೂ ಕ್ಷೇಮ. ಒಂದು ತೊಡಕಿದೆ: ಗೆಸ್ಟ್ ಜಾಲದಲ್ಲಿರುವ ಕಂಪ್ಯೂಟರಿನಿಂದ ಮನೆಯ ವೈಫೈ ಪ್ರಿಂಟರ್‌ಗೆ ಮುದ್ರಣ ಕೊಡಲು ಸಾಮಾನ್ಯವಾಗಿ ಆಗುವುದಿಲ್ಲ.

ಸೇರುತ್ತಿಲ್ಲವೆಂದು ಪಾಸ್‌ವರ್ಡೇ ಇಲ್ಲದ ‘ಓಪನ್’ಗೆ, ಅಥವಾ ಡಬ್ಲ್ಯುಇಪಿ, ಟಿಕೆಐಪಿಗೆ ಇಳಿಯಬೇಡಿ. ಈ ಎರಡು ಹಳೆಯ ವಿಧಾನಗಳನ್ನು ಒಡೆಯುವುದು ಸುಲಭ. ಜೊತೆಗೆ, 802.11ಎನ್ ಸಂಪರ್ಕ ಇವುಗಳೊಂದಿಗೆ 54 ಎಂಬಿಪಿಎಸ್ ದಾಟುವುದಿಲ್ಲ.

ಸೇರಿದೆ, ಆದರೆ ಪುಟ ತೆರೆಯುವುದಿಲ್ಲ

ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂಬ ಆದೇಶ ಕೊಡಿ. ವೈರ್‌ಲೆಸ್ ಅಡಾಪ್ಟರ್‌ನ ಐಪಿ ವಿಳಾಸ 169.254ರಿಂದ ಶುರುವಾಗಿದ್ದರೆ ರೂಟರ್‌ನಿಂದ ವಿಳಾಸ ಸಿಗದೆ ಕಂಪ್ಯೂಟರ್ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಎಂದರ್ಥ. ಅಡಾಪ್ಟರ್‌ನ ಐಪಿ ಸೆಟ್ಟಿಂಗ್‌ನಲ್ಲಿ ಹಿಂದಿನ ಸಂಪರ್ಕದವರು ಕೈಯಿಂದ ಬರೆದಿಟ್ಟ ಸಂಖ್ಯೆಗಳಿದ್ದರೂ ಪುಟ ತೆರೆಯುವುದಿಲ್ಲ. ಊರಿನ ಕೇಬಲ್ ಇಂಟರ್‌ನೆಟ್ ಬಳಸಿ ಬಂದ ಕಂಪ್ಯೂಟರ್‌ಗಳಲ್ಲಿ ಇವು ಉಳಿದುಕೊಂಡಿರುತ್ತವೆ. ‘ಆಟೋಮ್ಯಾಟಿಕ್’ ಎಂದು ಬದಲಿಸಿ. ಕಟ್ಟಕಡೆಗೆ ವಿಂಡೋಸ್ 10ರ ‘ನೆಟ್‌ವರ್ಕ್ ರೀಸೆಟ್’ ಇದ್ದೇ ಇದೆ.

ವಿಳಾಸ ಸರಿಯಿದ್ದರೆ ಅದೇ ಪರದೆಯಲ್ಲಿ ಕಾಣುವ ‘ಡೀಫಾಲ್ಟ್ ಗೇಟ್‌ವೇ’ ಸಂಖ್ಯೆಗೆ, ಅಂದರೆ ರೂಟರ್‌ಗೆ, ಪಿಂಗ್ ಮಾಡಿ (ಉತ್ತರ ಬರುತ್ತದೆಯೇ ಎಂದು ಕೇಳುವ ಆದೇಶ ಅದು), ನಂತರ ಹೊರಜಗತ್ತಿನ 8.8.8.8ಕ್ಕೆ ಮಾಡಿ. ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬಾರದಿದ್ದರೆ ತೊಂದರೆ ಮನೆಯಿಂದಾಚೆ. ಎರಡಕ್ಕೂ ಉತ್ತರ ಬಂದು ಜಾಲತಾಣ ಮಾತ್ರ ತೆರೆಯದಿದ್ದರೆ ತಾಣದ ಹೆಸರನ್ನು ಸಂಖ್ಯೆಯ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್‌ನ ಸೆಟ್ಟಿಂಗ್‌ನಲ್ಲಿ 8.8.8.8, 1.1.1.1 ಎಂದು ಕೊಟ್ಟು ನೋಡಿ.

ಆದರೆ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಇದಕ್ಕೆಲ್ಲ ಮೊದಲು ನೋಡಬೇಕಾದದ್ದು ಪರದೆಯ ಮೂಲೆಯ ದಿನಾಂಕ. ಅದು ವರ್ಷಗಳ ಹಿಂದಿನದಾಗಿದ್ದರೆ ಯಾವ ಸುರಕ್ಷಿತ ತಾಣವೂ ತೆರೆಯುವುದಿಲ್ಲ. ಪ್ರತಿ ತಾಣದ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. ನಿಮ್ಮ ಕಂಪ್ಯೂಟರ್ 2010ರಲ್ಲಿದ್ದರೆ ಇಂದಿನ ಪ್ರಮಾಣಪತ್ರ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಸಂಪರ್ಕ ಖಾಸಗಿಯಲ್ಲ ಎಂದೋ ಗಡಿಯಾರ ಹಿಂದಿದೆ ಎಂದೋ ಬ್ರೌಸರ್ ಹೇಳುತ್ತದೆ, ಜನ ವೈಫೈಯನ್ನು ದೂರುತ್ತಾರೆ. ಗಡಿಯಾರವನ್ನು ಇಂಟರ್‌ನೆಟ್‌ನಿಂದ ಹೊಂದಿಸಿಕೊಳ್ಳುವ ವ್ಯವಸ್ಥೆ ವಿಂಡೋಸ್‌ನಲ್ಲಿದ್ದರೂ ವ್ಯತ್ಯಾಸ 15 ಗಂಟೆ ಮೀರಿದ್ದರೆ ಸಾಮಾನ್ಯವಾಗಿ ಅದು ಕೈಚೆಲ್ಲುತ್ತದೆ.

ಕೈಯಿಂದ ದಿನಾಂಕ ಸರಿಮಾಡಿದರೆ ಆ ಹೊತ್ತಿಗೆ ಎಲ್ಲವೂ ಓಡುತ್ತದೆ. ಮರುದಿನ ಮತ್ತೆ ಅದೇ ಕತೆಯಾದರೆ ಮದರ್‌ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಸತ್ತಿದೆ. ಕಂಪ್ಯೂಟರ್ ಆರಿಸಿದ್ದರೂ ಗೋಡೆಯ ಸ್ವಿಚ್ ಹಾಕಿದ್ದರೆ ಗಡಿಯಾರ ಆ ವಿದ್ಯುತ್ತಿನಲ್ಲೇ ನಡೆಯುತ್ತದೆ. ನಾವು ಪ್ರತಿ ರಾತ್ರಿ ಸ್ವಿಚ್ ತೆಗೆಯುವವರು, ಮೇಲೆ ಕರೆಂಟು ಹೋಗುವುದೂ ಇದೆ. ಹಾಗಾಗಿ ಎಲ್ಲ ಭಾರ ಆ ಬಿಲ್ಲೆಯ ಮೇಲೇ ಬೀಳುತ್ತದೆ. ಸಿಆರ್2032 ಎಂಬ 3 ವೋಲ್ಟ್‌ನ ಬ್ಯಾಟರಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಬದಲಿಸುವ ಮೊದಲು ಬಯೋಸ್ (ವಿಂಡೋಸ್‌ಗೂ ಮೊದಲು ಏಳುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ತೆರೆದು ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ, ಮುಖ್ಯವಾಗಿ ಹಾರ್ಡ್ ಡಿಸ್ಕ್‌ನ ಸಾಟಾ ಮೋಡ್ ಐಡಿಇ ಎಂದಿದೆಯೋ ಎಎಚ್‌ಸಿಐ ಎಂದಿದೆಯೋ ಎಂಬುದನ್ನು. ಬ್ಯಾಟರಿ ತೆಗೆದಾಗ ಇವೆಲ್ಲ ಮೂಲಸ್ಥಿತಿಗೆ ಹೋಗುತ್ತವೆ. ಆ ಒಂದು ಸೆಟ್ಟಿಂಗ್ ಬದಲಾದರೆ ವಿಂಡೋಸ್ ಏಳದೆ ನೀಲಿ ಪರದೆ ಬರಬಹುದು. ಫೋಟೊ ನೋಡಿ ಮೊದಲಿನಂತೆ ಇಟ್ಟರೆ ಮತ್ತೆ ಏಳುತ್ತದೆ. ಬ್ಯಾಟರಿಯ ಅಕ್ಷರಗಳಿರುವ ಬದಿ ಮೇಲಿರಲಿ.

ದಿನಾಂಕವೂ ಸರಿಯಿದ್ದು ಕೆಲವು ತಾಣಗಳು ಮಾತ್ರ ತೆರೆಯದಿದ್ದರೆ ಬ್ರೌಸರ್ ಹಳೆಯದಾಗಿದೆ. ವಿಂಡೋಸ್ 7ಕ್ಕೆ ಕ್ರೋಮ್‌ನ ಕೊನೆಯ ಆವೃತ್ತಿ 109. ಫೈರ್‌ಫಾಕ್ಸ್‌ನ 115 ಇಎಸ್‌ಆರ್ ಅದಕ್ಕಿಂತ ಹೊಸದು, ಅದನ್ನು ಹಾಕಿಕೊಳ್ಳಿ.

ಆಗಾಗ ಕಡಿಯುವುದು, ತೆವಳುವುದು

ಡಾಂಗಲ್ ಕುಳಿತ ಜಾಗವನ್ನೊಮ್ಮೆ ನೋಡಿ. ಮೇಜಿನ ಕೆಳಗೆ, ತಗಡಿನ ಪೆಟ್ಟಿಗೆಯ ಹಿಂದೆ, ಗೋಡೆಗೆ ಒತ್ತಿಕೊಂಡು, ಪಕ್ಕದಲ್ಲಿ ಕಬ್ಬಿಣದ ಬೀರು. ಅಲೆಗಳಿಗೆ ಲೋಹ ದಾಟಲು ಆಗುವುದಿಲ್ಲ. ಒಂದೂವರೆ ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲನ್ನು ಮೇಜಿನ ಮೇಲೆ, ಸಾಧ್ಯವಾದರೆ ಕಿಟಕಿಯ ಎತ್ತರಕ್ಕೆ ತನ್ನಿ. ಇಡೀ ಬರಹದಲ್ಲಿ ನಾನು ಒಂದೇ ಖರ್ಚು ಮಾಡಿ ಎನ್ನುವುದಾದರೆ ಈ ಕೇಬಲ್‌ಗೆ ಮಾಡಿ ಎನ್ನುತ್ತೇನೆ. ಸಿಗ್ನಲ್ ಅಳೆಯುವ ಆ್ಯಪ್ ಫೋನಿನಲ್ಲಿದ್ದರೆ ಆ ಜಾಗದಲ್ಲಿ ನೋಡಿ: ಮೈನಸ್ 50 ಡಿಬಿಎಂ ಆಸುಪಾಸು ಉತ್ತಮ, ಮೈನಸ್ 70 ಗಡಿರೇಖೆ, ಮೈನಸ್ 80 ಆದರೆ ಆಸೆ ಬಿಡಿ.

ಕೇಬಲ್‌ನಿಂದ ಇನ್ನೊಂದು ಲಾಭವಿದೆ. ಯುಎಸ್‌ಬಿ 3.0 ಕಿಂಡಿ, ಅದಕ್ಕೆ ಸಿಕ್ಕಿಸಿದ ಹಾರ್ಡ್ ಡಿಸ್ಕ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಲೇ ಗದ್ದಲ ಎಬ್ಬಿಸುತ್ತವೆ. ಇದನ್ನು ಇಂಟೆಲ್ 2012ರಲ್ಲೇ ಅಳೆದು ಪ್ರಕಟಿಸಿದೆ. ಪೆನ್‌ಡ್ರೈವ್‌ಗೆ ಕಡತ ನಕಲು ಮಾಡುವಾಗಲೆಲ್ಲ ವೈಫೈ ಕಡಿಯುತ್ತದೆಯೆಂದರೆ ಡಾಂಗಲನ್ನು ಆ ಕಿಂಡಿಯಿಂದ ದೂರ ಒಯ್ಯಬೇಕು.

ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟಾಗ ಕಡಿದರೆ ವಿದ್ಯುತ್ ಉಳಿತಾಯದ ಕೆಲಸ ಅದು. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರ್‌ನ ‘ಪವರ್ ಮ್ಯಾನೇಜ್‌ಮೆಂಟ್’ಗೆ ಹೋಗಿ, ಸಾಧನವನ್ನು ಆರಿಸಲು ಕಂಪ್ಯೂಟರ್‌ಗೆ ಅನುಮತಿ ಕೊಡುವ ಗುರುತನ್ನು ತೆಗೆಯಿರಿ. ಪವರ್ ಆಯ್ಕೆಗಳಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಕೂಡ ನಿಲ್ಲಿಸಿ.

ವೇಗದ ಬಗ್ಗೆ ನಿರೀಕ್ಷೆ ಹದದಲ್ಲಿರಲಿ. ಪೆಟ್ಟಿಗೆಯ ಮೇಲೆ 150 ಎಂದಿರುವ ಒಂದು ಆಂಟೆನಾದ ಡಾಂಗಲ್ 20 ಮೆಗಾಹರ್ಟ್ಸ್‌ನಲ್ಲಿ ಕಟ್ಟಿಕೊಳ್ಳುವ ಗರಿಷ್ಠ ಸಂಪರ್ಕ 72 ಎಂಬಿಪಿಎಸ್. ಕೈಗೆ ಸಿಗುವುದು ಅದರ ಅರ್ಧದಷ್ಟು. ಆನ್‌ಲೈನ್ ತರಗತಿ, ಬ್ಯಾಂಕ್, ವಿಡಿಯೊ ಎಲ್ಲಕ್ಕೂ ಅಷ್ಟು ಧಾರಾಳವಾಯಿತು.

ಲಿನಕ್ಸ್ ಇದ್ದರೆ, ಅಡಾಪ್ಟರ್ ಬದಲಿಸಬೇಕಿದ್ದರೆ

ಲಿನಕ್ಸ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಆದೇಶ ಅದೇ ಎರಡು ಗುರುತು ಸಂಖ್ಯೆಗಳನ್ನು ತೋರಿಸುತ್ತದೆ. ಎಥೆರಾಸ್ ಎಆರ್9271 ಮತ್ತು ರಾಲಿಂಕ್ ಆರ್‌ಟಿ5370 ಚಿಪ್‌ಗಳ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲೇ ಇದೆ, ಸಿಕ್ಕಿಸಿದರೆ ಸಾಮಾನ್ಯವಾಗಿ ಕೆಲಸ ಮಾಡುತ್ತವೆ. ಬೆಂಬಲ ಮುಗಿದ ವಿಂಡೋಸ್ ಬದಲು ಲಿನಕ್ಸ್‌ಗೆ ಹೋಗಬೇಕೆಂದಿರುವವರು ಹಾರ್ಡ್ ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ವೈಫೈ ಸಿಗುತ್ತದೆಯೇ ನೋಡಬಹುದು. ಇದೇ ಉಪಾಯ ವಿಂಡೋಸ್ ಬಳಸುವವರಿಗೂ ಆಗುತ್ತದೆ: ಲಿನಕ್ಸ್‌ನಲ್ಲಿ ವೈಫೈ ಓಡಿದರೆ ಅಡಾಪ್ಟರ್ ಕೆಟ್ಟಿಲ್ಲ.

ಹೊಸ ಡಾಂಗಲ್ ಕೊಳ್ಳುವಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ಕೇಳಬೇಕಾದದ್ದು ಎರಡು. ಎರಡೂ ಅಲೆಪಟ್ಟಿ ಹಿಡಿಯುತ್ತದೆಯೇ? ನನ್ನ ವಿಂಡೋಸ್ ಆವೃತ್ತಿಗೆ ಡ್ರೈವರ್ ಇದೆಯೇ? ಪೆಟ್ಟಿಗೆಯ ಮೇಲಿನ 1200, 1300 ಎಂಬ ಅಂಕಿಗಳಿಗೆ ಮರುಳಾಗಬೇಡಿ. ಹಳೆಯ ಯುಎಸ್‌ಬಿ 2.0 ಕಿಂಡಿಯ ಮಿತಿಯೇ 480 ಎಂಬಿಪಿಎಸ್. ಚಾಚಿಕೊಂಡ ಆಂಟೆನಾ ಇರುವುದು ಉಗುರಿನಷ್ಟಿರುವುದಕ್ಕಿಂತ ಮೇಲು. ಡ್ರೈವರ್ ಹಾಕಿ ಎಲ್ಲ ಸರಿಹೋದ ದಿನವೇ ಆ ಡ್ರೈವರ್‌ನ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿಟ್ಟು ಮೇಲೆ ಹೆಸರು ಬರೆದಿಡಿ.

ಮನೆಯಲ್ಲಿ ಹಳೆಯ ರೂಟರ್ ಬಿದ್ದಿದ್ದರೆ ಡಾಂಗಲ್ ಕೊಳ್ಳುವ ಮೊದಲು ಅದರ ಸೆಟ್ಟಿಂಗ್ ತೆರೆದು ‘ಕ್ಲೈಂಟ್’ ಅಥವಾ ‘ರಿಪೀಟರ್’ ಎಂಬ ಆಯ್ಕೆ ಇದೆಯೇ ನೋಡಿ. ಇದ್ದರೆ ಅದು ಹೊಸ ರೂಟರ್‌ನ ವೈಫೈ ಹಿಡಿದು ತನ್ನ ಲ್ಯಾನ್ ಕಿಂಡಿಯಿಂದ ಕಂಪ್ಯೂಟರ್‌ಗೆ ಕೊಡುತ್ತದೆ. ಕಂಪ್ಯೂಟರ್‌ಗೆ ವೈಫೈ ಡ್ರೈವರ್‌ನ ಹಂಗೇ ಇರುವುದಿಲ್ಲ. ಡ್ರೈವರ್ ಸಿಗದ ವಿಂಡೋಸ್ ಎಕ್ಸ್‌ಪಿ ಯಂತ್ರವನ್ನೂ ಹೀಗೆ ಜೋಡಿಸಬಹುದು.

ರೂಟರ್ ಹತ್ತಿರದಲ್ಲೇ ಇದ್ದರೆ ನೇರವಾಗಿ ಕ್ಯಾಟ್5ಇ ಲ್ಯಾನ್ ಕೇಬಲ್ ಎಳೆದುಬಿಡಿ. 100 ಮೀಟರ್‌ವರೆಗೆ ಅದು ಸರಾಗವಾಗಿ ನಡೆಯುತ್ತದೆ. ಕಡಿಯುವ, ಕಾಣದಾಗುವ ತಂಟೆ ಇರುವುದಿಲ್ಲ. ಗೋಡೆಯಾಚೆ, ಮಾಳಿಗೆಯ ಮೇಲೆ, ಹೊರಗಿನ ಕಂಬದವರೆಗೆ ತಾಮ್ರದ ಕೇಬಲ್ ಹಾದಿದ್ದರೆ ಮಾತ್ರ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಹೊತ್ತಿಗೆ ಅದನ್ನು ಎರಡೂ ತುದಿಯಲ್ಲಿ ಬಿಚ್ಚಿಡಿ. ಸಿಡಿಲಿನ ಆಘಾತ ಆ ತಂತಿಯಲ್ಲೇ ಬಂದು ಲ್ಯಾನ್ ಕಿಂಡಿಯನ್ನು ಸುಟ್ಟುಹಾಕಬಲ್ಲದು.